ಮಂದಣ್ಣ, ಬಿದಿರಿನ ಮುಳ್ಳು ಮತ್ತು ನಮ್ಮ ನೋಟ್‌ಬುಕ್ಕು

ನಿನಗೆ ತುಂಬಾ ಇಷ್ಟವಾದ ಪುಸ್ತಕ ಯಾವುದು ಅಂತ ಯಾರಾದರೂ ಕೇಳಿದರೆ ನಾನು ಯೋಚನೆ ಮಾಡದೆ ಹೇಳುವ ಹೆಸರು ‘ಕರ್ವಾಲೊ’. 1980ರಲ್ಲಿ ಬಂದ ತೇಜಸ್ವಿಯವರ ಈ ಕಾದಂಬರಿಯಲ್ಲಿ ನನಗೆ ಹಾರುವ ಓತಿಗಿಂತ ಹೆಚ್ಚು ಹಿಡಿಸಿದ್ದು ಮಂದಣ್ಣ. ಊರವರ ಲೆಕ್ಕದಲ್ಲಿ ಅವನು ಕೆಲಸಕ್ಕೆ ಬಾರದವನು. ಆದರೆ ದೊಡ್ಡ ವಿಜ್ಞಾನಿ ಕರ್ವಾಲೊ ಅವನ ಮಾತಿಗೆ ಕಿವಿಗೊಡುತ್ತಾರೆ. ಕಾಡಿನಲ್ಲಿ ಅವನು ಕಂಡದ್ದನ್ನು ಪುಸ್ತಕದಲ್ಲಿ ಓದಿದವರು ಕಂಡಿರುವುದಿಲ್ಲ!

ಇದೆಲ್ಲ ಕಥೆಯಲ್ಲಿ ಮಾತ್ರ ನಡೆಯೋದು ಅಂದುಕೊಂಡಿದ್ದೆ. ಆಮೇಲೆ ನಮ್ಮ ಕಡೆಯ ಇತಿಹಾಸ ಓದುತ್ತಾ ಹೋದಾಗ ಗೊತ್ತಾಯಿತು, ಇಂಥದ್ದೇ ಒಂದು ಪ್ರಸಂಗ ನಿಜವಾಗಿಯೂ ನಡೆದಿದೆ. ಅದೂ ನಮ್ಮ ಉತ್ತರ ಕನ್ನಡದಲ್ಲೇ. ಅದರ ಕೇಂದ್ರದಲ್ಲಿ ಇರೋದು ಪುಸ್ತಕವಲ್ಲ, ಪುಸ್ತಕದ ಕಾಗದ.

ನಾನು ಹಳಿಯಾಳದ ಕಡೆಯವನು. ನಮ್ಮಲ್ಲಿ ‘ಮಿಲ್’ ಅಂದರೆ ದಾಂಡೇಲಿಯ ವೆಸ್ಟ್ ಕೋಸ್ಟ್ ಪೇಪರ್ ಮಿಲ್. ಕಂಪನಿ ಸ್ಥಾಪನೆಯಾಗಿದ್ದು 1955ರಲ್ಲಿ. ಆಗ ನಮ್ಮ ಜಿಲ್ಲೆ ಇನ್ನೂ ಮುಂಬಯಿ ರಾಜ್ಯದಲ್ಲಿತ್ತು, ಮರುವರ್ಷ ನವೆಂಬರ್ 1ಕ್ಕೆ ಮೈಸೂರು ರಾಜ್ಯಕ್ಕೆ ಸೇರಿತು. ಮಿಲ್ಲಿನಿಂದ ಕಾಗದ ಹೊರಬರತೊಡಗಿದ್ದು 1959ರಲ್ಲಿ. ದಾಂಡೇಲಿಯೇ ಯಾಕೆ? ಉತ್ತರ ಸುಲಭ. ನೀರಿಗೆ ಪಕ್ಕದಲ್ಲೇ ಕಾಳಿ ನದಿ, ಕಚ್ಚಾ ಮಾಲಿಗೆ ಸುತ್ತ ಬಿದಿರಿನ ಕಾಡು. ಬಿದಿರನ್ನು ಚೂರು ಮಾಡಿ, ಕಾಸ್ಟಿಕ್ ಸೋಡಾದಂಥ ರಾಸಾಯನಿಕದಲ್ಲಿ ಬೇಯಿಸಿ, ನಾರನ್ನು ಬೇರೆ ಮಾಡಿ, ಬಿಳಿಚಿಸಿದರೆ ಕಾಗದದ ತಿರುಳು ಸಿಗುತ್ತದೆ. ಒಂದು ಟನ್ ಕಾಗದಕ್ಕೆ ಎರಡು ಟನ್ನಿಗೂ ಹೆಚ್ಚು ಬಿದಿರು ಬೇಕು.

ಆ ಬಿದಿರನ್ನು ಸರ್ಕಾರ ಕೊಟ್ಟ ದರ ಕೇಳಿದರೆ ನಗಬೇಕೋ ಅಳಬೇಕೋ ಗೊತ್ತಾಗೋದಿಲ್ಲ. ಟನ್ನಿಗೆ ಒಂದೂವರೆ ರೂಪಾಯಿ! ಅದೇ ಹೊತ್ತಿನಲ್ಲಿ ಬುಟ್ಟಿ, ಮೊರ, ಚಾಪೆ ಹೆಣೆದು ಹೊಟ್ಟೆ ಹೊರೆಯುವ ಮೇದಾರರು ಪೇಟೆಯಲ್ಲಿ ಟನ್ನಿಗೆ ಸಾವಿರ ರೂಪಾಯಿಗೂ ಮೀರಿ ತೆರಬೇಕಿತ್ತು. ಇದನ್ನು ಬರೆದಿಟ್ಟವರು ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳ್. ಯಾವುದೇ ವಸ್ತು ಇಷ್ಟು ಅಗ್ಗಕ್ಕೆ ಸಿಕ್ಕರೆ ಅದನ್ನು ಕಾಪಾಡಿಕೊಳ್ಳಬೇಕು ಅಂತ ಯಾರಿಗೆ ಅನ್ನಿಸುತ್ತೆ ಹೇಳಿ?

ಕೆಲವೇ ವರ್ಷಗಳಲ್ಲಿ ಬಿದಿರು ಕಡಿಮೆಯಾಗತೊಡಗಿತು. ಮೇದಾರರು ಗಿರಣಿಗಳತ್ತ ಬೊಟ್ಟು ಮಾಡಿದರು. ದನ ಮೇಯಿಸುವ, ಕಳಲೆ ಮುರಿಯುವ ಹಳ್ಳಿಗರೇ ಕಾರಣ ಅನ್ನೋ ಮಾತೂ ಇತ್ತು. 1975ರ ಸುಮಾರಿಗೆ ರಾಜ್ಯ ಸರ್ಕಾರ ಇದನ್ನು ಅಧ್ಯಯನ ಮಾಡಲು ಹೇಳಿದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ಗಾಡ್ಗೀಳರಿಗೆ. ಅವರೂ ಅವರ ಜೊತೆಗಾರ ನರೇಂದ್ರ ಪ್ರಸಾದರೂ ಉತ್ತರ ಕನ್ನಡದ ಕಾಡಿನಲ್ಲಿ ವರ್ಷಗಟ್ಟಲೆ ಬಿದಿರಿನ ಮೆಳೆಗಳನ್ನು ಎಣಿಸಿದರು, ಅಳೆದರು.

ಮಂದಣ್ಣನ ಕಥೆ ಶುರುವಾಗೋದು ಇಲ್ಲಿ.

ಹೆಬ್ಬಿದಿರಿನ ಮೆಳೆ ನೋಡಿದ್ದೀರಾ? ಬುಡದ ಸುತ್ತ ಮುಳ್ಳುಕಂಟಿಗಳು ಬಲೆಯ ಹಾಗೆ ಹೆಣೆದುಕೊಂಡಿರುತ್ತವೆ, ಕೈ ಹಾಕೋಕಾಗಲ್ಲ. ಬಿದಿರು ಕಡಿಯೋಕೆ ಅದೇ ತೊಡಕು. ಅರಣ್ಯ ಇಲಾಖೆಯ ಪದ್ಧತಿಯಂತೆ ಈ ಮುಳ್ಳನ್ನೆಲ್ಲ ಸವರಿ ಬುಡ ಚೊಕ್ಕಟ ಮಾಡುತ್ತಿದ್ದರು. ಹಾಗೆ ಮಾಡಿದರೆ ಒತ್ತಟ್ಟು ಕಮ್ಮಿಯಾಗಿ ಹೊಸ ಬಿದಿರು ಚೆನ್ನಾಗಿ ಬರುತ್ತೆ ಅನ್ನೋದು ತರ್ಕ. ಆದರೆ ಹಳ್ಳಿಯವರು ಹೇಳಿದ್ದು ಇದಕ್ಕೆ ತದ್ವಿರುದ್ಧ: ಮುಳ್ಳು ತೆಗೆದರೆ ಬಿದಿರು ಉಳಿಯೋದಿಲ್ಲ. ಮಳೆಗಾಲದಲ್ಲಿ ಏಳುವ ಎಳೆ ಕಳಲೆಗೆ ಆ ಮುಳ್ಳೇ ಬೇಲಿ. ಬೇಲಿ ಹೋದರೆ ದನವೂ ತಿನ್ನುತ್ತೆ, ಕಾಡುಪ್ರಾಣಿಗಳೂ ತಿನ್ನುತ್ತವೆ.

ಗಾಡ್ಗೀಳರು ಈ ಮಾತನ್ನು ತಳ್ಳಿಹಾಕಲಿಲ್ಲ, ಸುಮ್ಮನೆ ನಂಬಲೂ ಇಲ್ಲ. ಮೆಳೆಗಳಲ್ಲೇ ಪರೀಕ್ಷಿಸಿ ನೋಡಿದರು. ಹಳ್ಳಿಯವರು ಹೇಳಿದ್ದೇ ಸರಿ! ಮುಳ್ಳು ಸವರಿದ ಮೆಳೆಗಳಲ್ಲಿ ಕಳಲೆ ಬೆಳೆದು ಬಿದಿರಾಗುವ ಮೊದಲೇ ಮೇಯ್ದು ಹೋಗುತ್ತಿತ್ತು. ಕಾಡಿನಲ್ಲಿ ಇಷ್ಟು ಬಿದಿರಿದೆ ಅನ್ನೋ ಸರ್ಕಾರಿ ಅಂದಾಜು ಕೂಡ ವಾಸ್ತವಕ್ಕಿಂತ ಬಹಳ ಹೆಚ್ಚಾಗಿತ್ತು. 1981ರಲ್ಲಿ ವರದಿ ಬಂತು. ಅಷ್ಟರಲ್ಲಿ ಹಾನಿಯೂ ಆಗಿತ್ತು. ಮಿಲ್ಲು ದೂರದ ಕಾಡುಗಳಿಂದ ಬಿದಿರು ತರಿಸಬೇಕಾಯಿತು. ಈಗ ಅಲ್ಲಿ ವರ್ಷಕ್ಕೆ ಮೂರು ಲಕ್ಷ ಟನ್ನಿಗೂ ಹೆಚ್ಚು ಕಾಗದ ತಯಾರಿಸುವ ಸಾಮರ್ಥ್ಯವಿದೆ, ಆದರೆ ಹೆಚ್ಚಾಗಿ ಬಳಸೋದು ನೀಲಗಿರಿ, ಸುಬಾಬುಲ್, ಗಾಳಿಮರಗಳಂಥ ನೆಟ್ಟು ಬೆಳೆಸಿದ ಮರ.

ಮಿಲ್ಲನ್ನು ಬೈಯೋಕೆ ಇದನ್ನು ಬರೀತಿಲ್ಲ. ಸಾವಿರಾರು ಮನೆಗಳ ಒಲೆ ಉರಿದದ್ದು ಅದರಿಂದ. ನಾನು ಅಆಇಈ ತಿದ್ದಿದ್ದೂ ಕಾಗದದ ಮೇಲೇ ತಾನೆ? ನನ್ನನ್ನು ಕಾಡೋದು ಬೇರೆ ವಿಷಯ. ಮುಳ್ಳು ಯಾಕಿದೆ ಅಂತ ಗೊತ್ತಿದ್ದವರು ಅಲ್ಲೇ ಇದ್ದರು. ಹದಿನೈದು ವರ್ಷ ಅವರನ್ನು ಕೇಳಬೇಕು ಅಂತ ಯಾರಿಗೂ ಅನ್ನಿಸಲಿಲ್ಲ, ಯಾಕೆಂದರೆ ಅವರ ಅರಿವು ಕಾಗದದ ಮೇಲೆ ಇರಲಿಲ್ಲ.

ಹೋಲಿಕೆಗೆ ಮುಂಡಗೋಡ ನೋಡಿ. ಮಿಲ್ಲು ಕಾಗದ ತೆಗೆದ ಅದೇ 1959ರಲ್ಲಿ ಟಿಬೆಟ್ಟಿನಿಂದ ದಲೈ ಲಾಮಾ ಮತ್ತು ಸಾವಿರಾರು ಜನ ಹಿಮಾಲಯ ದಾಟಿ ಬಂದರು. ಅವರಲ್ಲಿ ಅನೇಕ ಭಿಕ್ಷುಗಳು ಬಂಗಾಳದ ಬಕ್ಸಾ ಶಿಬಿರದಲ್ಲಿ ಸುಮಾರು ಹತ್ತು ವರ್ಷ ಕಳೆದರು. 1966ರಲ್ಲಿ ಮುಂಡಗೋಡದಲ್ಲಿ ಟಿಬೆಟನ್ ಕಾಲೊನಿ ಶುರುವಾಯಿತು, ಕೆಲವೇ ವರ್ಷಗಳಲ್ಲಿ ಗಾಂದೆನ್, ಡ್ರೆಪುಂಗ್ ಮಠಗಳೂ ಅಲ್ಲಿ ಮತ್ತೆ ತಲೆಯೆತ್ತಿದವು. ಬಟ್ಟೆಯಲ್ಲಿ ಸುತ್ತಿದ ಉದ್ದುದ್ದ ಬಿಡಿಹಾಳೆಗಳ ಅವರ ಗ್ರಂಥಗಳಲ್ಲಿ ಹೊತ್ತು ತರಲಾಗದ್ದೇ ಹೆಚ್ಚು. ಆದರೆ ಗ್ರಂಥವನ್ನು ಮೊದಲು ಬಾಯಿಪಾಠ ಮಾಡಿ ಆಮೇಲೆ ಅದರ ಮೇಲೆ ವಾದ ಮಾಡುವುದು ಅವರ ಕಲಿಕೆಯ ಪದ್ಧತಿ. ಹಾಳೆ ಕಳೆದರೂ ತಲೆಯಲ್ಲಿದ್ದದ್ದು ಗಡಿ ದಾಟಿ ಬಂತು. ಅದನ್ನು ಜಗತ್ತು ಗೌರವದಿಂದ ಕೇಳಿಸಿಕೊಂಡಿತು, ಅದು ಸರಿಯೂ ಹೌದು. ಅದೇ ಗೌರವ ಪಕ್ಕದ ಹಳ್ಳಿಯ ದನಗಾಹಿಯ ಮಾತಿಗೆ ಯಾಕೆ ಸಿಗೋದಿಲ್ಲ?

ಜೋಯಿಡಾದ್ದು ಇನ್ನೊಂದು ಥರ. ಕಾಳಿಗೆ ಕಟ್ಟಿದ 101 ಮೀಟರ್ ಎತ್ತರದ ಸೂಪಾ ಅಣೆಕಟ್ಟು 1987ರಲ್ಲಿ ಪೂರ್ತಿಯಾಯಿತು. ತಾಲೂಕು ಕೇಂದ್ರವಾಗಿದ್ದ ಸೂಪಾ ಊರೇ ನೀರಿನಡಿ ಹೋಗಿ, ಕೇಂದ್ರ ಜೋಯಿಡಾಕ್ಕೆ ಬಂತು. ಜನರಿಗೆ ರಾಮನಗರದಂಥ ಕಡೆ ಜಾಗ ಸಿಕ್ಕಿತು. ಆದರೆ ಯಾವ ಹೊಲದಲ್ಲಿ ಏನು ಬರುತ್ತೆ, ಯಾವ ಗುಡ್ಡದಲ್ಲಿ ಯಾವ ಬೇರು ಸಿಗುತ್ತೆ ಅನ್ನೋ ಅರಿವು ಆ ಜಾಗದ್ದು. ಜಾಗ ಹೋದ ಮೇಲೆ ಅದನ್ನು ಎಲ್ಲಿ ಇಡೋದು? ಜೋಯಿಡಾದ ಕುಣಬಿಗಳು ಇವತ್ತಿಗೂ ಬಗೆಬಗೆಯ ಗಡ್ಡೆ-ಗೆಣಸು ಬೆಳೆದು ಮೇಳದಲ್ಲಿ ತಂದಿಡುತ್ತಾರೆ. ನನ್ನ ಕಣ್ಣಿಗೆ ಅದೊಂದು ಗ್ರಂಥಾಲಯವೇ.

ನಾನು ಸಾಫ್ಟ್‌ವೇರಿನವನು. ನಮ್ಮಲ್ಲೂ ಹಳೇ ಕೋಡ್ ಕೈಗೆ ಸಿಕ್ಕರೆ, ಯಾಕಿದೆ ಅಂತ ಗೊತ್ತಾಗದ ಸಾಲುಗಳನ್ನು ಅಳಿಸಿ ಚೊಕ್ಕಟ ಮಾಡುವ ಹುಮ್ಮಸ್ಸು ಬರುತ್ತೆ. ಈಗ ಹಾಗನ್ನಿಸಿದಾಗೆಲ್ಲ ಬಿದಿರಿನ ಮುಳ್ಳು ನೆನಪಾಗುತ್ತೆ. ಮೊದಲು ಬರೆದವರನ್ನು ಕೇಳೋಣ ಅಂತ ಎದ್ದು ಹೋಗ್ತೀನಿ :)

ಪುಸ್ತಕಗಳನ್ನು ಪ್ರೀತಿಸೋ ನಮ್ಮಂಥವರಿಗೆ, ಅಚ್ಚಾಗಿದ್ದು ಮಾತ್ರ ಜ್ಞಾನ ಅನ್ನೋ ಭ್ರಮೆ ಬೇಗ ಹಿಡಿಯುತ್ತೆ. ‘ಕರ್ವಾಲೊ’ ಆ ಭ್ರಮೆ ಬಿಡಿಸೋ ಪುಸ್ತಕ. ಅದನ್ನು ಓದಿ ಮೆಚ್ಚಿದವರು ಒಂದು ಕೆಲಸ ಮಾಡಿ. ನಿಮ್ಮೂರಿನ ಮಂದಣ್ಣ ಇನ್ನೂ ಇದ್ದರೆ, ಈ ಸಲ ಊರಿಗೆ ಹೋದಾಗ ಹತ್ತಿರ ಕೂತು ಮಾತಾಡಿಸಿ. ಅವನು ಹೇಳಿದ್ದನ್ನು ಬರೆದಿಡಿ. ಕಾಗದಕ್ಕೆ ಅದಕ್ಕಿಂತ ಒಳ್ಳೆ ಉಪಯೋಗ ಇಲ್ಲ.