ಡಿ-ಬೇಸ್ ಕಡತಗಳ ಸ್ಥಳಾಂತರ

ಕ್ಯಾಲಿಫೋರ್ನಿಯಾ ಪ್ರಾಂತದ ಪಸಡೀನ ನಗರದಲ್ಲಿ, ಅಂತರಿಕ್ಷನೌಕೆಗಳನ್ನು ರೂಪಿಸುವ ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿಯಲ್ಲಿ ಕೆಲಸಕ್ಕಿದ್ದ ವೇಯ್ನ್ ರ್ಯಾಟ್ಲಿಫ್ ಎಂಬ ತಂತ್ರಜ್ಞನು, 1970ರ ದಶಕದ ಕೊನೆಯ ವರ್ಷಗಳಲ್ಲಿ, ಫುಟ್‌ಬಾಲ್ ಪಂದ್ಯಗಳ ಫಲಾಫಲವನ್ನು ಊಹಿಸಲು ಅನುಕೂಲವಾಗಲೆಂದು ತನ್ನ ಮನೆಯ ಪುಟ್ಟ ಗಣಕಯಂತ್ರಕ್ಕಾಗಿ ಬರೆದುಕೊಂಡ 'ವಲ್ಕನ್' ಎಂಬ ದತ್ತಾಂಶ ನಿರ್ವಹಣೆಯ ಪ್ರೋಗ್ರಾಮು, ಆ್ಯಷ್ಟನ್-ಟೇಟ್ ಎಂಬ ವ್ಯಾಪಾರಸಂಸ್ಥೆಯ ಕೈಸೇರಿ 'ಡಿ-ಬೇಸ್ 2' ಎಂಬ ಅಭಿಧಾನವನ್ನು ಪಡೆದು, 1984ರಲ್ಲಿ ಅದರ ಮೂರನೆಯ ಆವೃತ್ತಿ ಹೊರಬೀಳುವ ವೇಳೆಗೆ ಡಾಸ್ ಯಂತ್ರಗಳ ಲೋಕದಲ್ಲಿ ಅಗ್ರಸ್ಥಾನದಲ್ಲಿ ನೆಲೆನಿಂತಿತು. 1980ರ ದಶಕದ ಉತ್ತರಾರ್ಧದಲ್ಲಿ ಪಿಸಿಗಳು ನಮ್ಮ ದೇಶದ ಕಚೇರಿಗಳನ್ನು ಪ್ರವೇಶಿಸಿದಾಗ, ಸಂಬಳದ ಪಟ್ಟಿ, ಸದಸ್ಯರ ಲೆಕ್ಕ, ಪುಸ್ತಕಭಂಡಾರದ ಸೂಚಿ ಮೊದಲಾದವು ರಿಜಿಸ್ಟರುಗಳಿಂದ ಡಿ-ಬೇಸಿನ ಕಡತಗಳಿಗೆ ಇಳಿದುವು. ತರಬೇತಿ ಕೇಂದ್ರಗಳಲ್ಲಿ ವರ್ಡ್‌ಸ್ಟಾರ್, ಲೋಟಸ್‌ಗಳೊಡನೆ ಅದನ್ನೂ ಕಲಿತು ಬಂದ ತರುಣ ತರುಣಿಯರು ಉದ್ಯೋಗಾರ್ಹರೆನಿಸಿದರು.

ಆ ಕಡತದ ರಚನೆಯಲ್ಲಿ ನಾನು ಮೆಚ್ಚುವ ಗುಣವೆಂದರೆ ಅದರ ಸ್ವಯಂಪ್ರಕಾಶತ್ವ. ಮೊದಲ 32 ಬೈಟುಗಳು ಕೊನೆಯದಾಗಿ ತಿದ್ದಿದ ದಿನಾಂಕವನ್ನೂ ರೆಕಾರ್ಡುಗಳ ಸಂಖ್ಯೆಯನ್ನೂ ಒಂದೊಂದು ರೆಕಾರ್ಡಿನ ಉದ್ದವನ್ನೂ ಹೇಳುತ್ತವೆ. ಅನಂತರ ಫೀಲ್ಡು ಒಂದಕ್ಕೆ 32 ಬೈಟುಗಳಂತೆ ಅದರ ಹೆಸರು, ಜಾತಿ, ಅಗಲ ಇವುಗಳ ವಿವರಣೆಯಿದೆ. ಆಮೇಲೆ ಬರುವ ದತ್ತಾಂಶವೆಲ್ಲವೂ ಅಕ್ಷರಗಳು ಅಕ್ಷರಗಳಾಗಿಯೂ ಅಂಕಿಗಳು ಅಂಕಿಗಳಾಗಿಯೂ ಬಿಚ್ಚುಮನಸ್ಸಿನಿಂದ ತೆರೆದಿರುತ್ತದೆ. ಆದಕಾರಣವೇ, ಆ್ಯಷ್ಟನ್-ಟೇಟ್ ಸಂಸ್ಥೆ 1991ರಲ್ಲಿ ಬೋರ್ಲಂಡ್ ಎಂಬ ಇನ್ನೊಂದು ಸಂಸ್ಥೆಯಲ್ಲಿ ಲೀನವಾದರೂ, ಹದಿನಾರು ಬಿಟ್ಟಿನ ಡಾಸ್ ಪ್ರೋಗ್ರಾಮುಗಳನ್ನು ಅರುವತ್ತನಾಲ್ಕು ಬಿಟ್ಟಿನ ವಿಂಡೋಸ್ ನಡೆಸಲೊಲ್ಲದೆ ಹೋದರೂ, ಕಡತವನ್ನು ಓದಬಲ್ಲ ಸಾಧನಗಳಿಗೆ ಅಭಾವವೊದಗಲಿಲ್ಲ. ಭೂಪಟಗಳನ್ನು ರಚಿಸುವವರ 'ಶೇಪ್‌ಫೈಲ್' ಎಂಬ ವಿಧಾನದಲ್ಲಿ ಅದೇ ಕಡತ ಇಂದಿಗೂ ದಿನನಿತ್ಯದ ಬಳಕೆಯಲ್ಲಿದೆ.

ಹೀಗಿದ್ದರೂ ಈ ಕಡತಗಳನ್ನು ಹೊಸ ವ್ಯವಸ್ಥೆಗೆ ಒಯ್ಯುವ ಸ್ಥಳಾಂತರವು ನಿರಪಾಯವಾದ ಕೆಲಸವಲ್ಲ. ಪ್ರತಿಯೊಂದು ರೆಕಾರ್ಡಿನ ಪ್ರಾರಂಭದಲ್ಲಿ ಒಂದು ಬೈಟಿನ ಸ್ಥಳವನ್ನು ಮೀಸಲಿರಿಸಿ, ಗುಮಾಸ್ತರು 'ಡಿಲೀಟ್' ಎಂದಾಗ ಅಲ್ಲಿ ಒಂದು ನಕ್ಷತ್ರಚಿಹ್ನೆಯನ್ನು ಮಾತ್ರ ಬರೆದು, 'ಪ್ಯಾಕ್' ಎಂಬ ಆಜ್ಞೆ ಬರುವ ಪರ್ಯಂತ ಆ ರೆಕಾರ್ಡನ್ನು ಇದ್ದಲ್ಲಿಯೇ ಇರಗೊಡುವುದು ಡಿ-ಬೇಸಿನ ಪದ್ಧತಿ. ಈ ಚಿಹ್ನೆಯನ್ನು ಲಕ್ಷಿಸದೆ ವರ್ಗಾಯಿಸಿದರೆ ನಿವೃತ್ತರಾದವರೂ ದಿವಂಗತರೂ ಪುನಃ ಸಂಬಳದ ಪಟ್ಟಿಯಲ್ಲಿ ಬಂದು ನಿಲ್ಲುತ್ತಾರೆ. ದಿನಾಂಕಗಳು ಕಡತದೊಳಗೆ ಎಂಟು ಅಂಕಿಗಳಲ್ಲಿ ಪೂರ್ಣವಾಗಿಯೇ ಇದ್ದುವಾದರೂ, ಪರದೆಯ ಮೇಲೆ ವರ್ಷದ ಎರಡೇ ಅಂಕಿಗಳನ್ನು ಕಾಣಿಸುವುದು ರೂಢಿಯಾಗಿದ್ದುದರಿಂದ, 2001 ಎಂಬ ಅಭಿಪ್ರಾಯದಲ್ಲಿ ಒತ್ತಿದ 01 ಎಷ್ಟೋ ವೇಳೆ 1901 ಆಗಿ ದಾಖಲಾಯಿತು. ಇವೆಲ್ಲಕ್ಕಿಂತ ಕಷ್ಟವಾದದ್ದು ಸಂಕೇತಗಳ ಅರ್ಥ: 'ಷರಾ' ಫೀಲ್ಡಿನಲ್ಲಿ ಕಾಣುವ 3 ಎಂಬ ಅಂಕಿ ಸಂಬಳರಹಿತ ರಜೆಯೋ ವರ್ಗಾವಣೆಯೋ ಎಂಬುದು ಪ್ರೋಗ್ರಾಮಿನಲ್ಲಿಯೋ ಹಿರಿಯ ಗುಮಾಸ್ತರ ಜ್ಞಾಪಕದಲ್ಲಿಯೋ ಇರುತ್ತಿತ್ತೇ ಹೊರತು ಕಡತದಲ್ಲಿರುತ್ತಿರಲಿಲ್ಲ. ಅಂಥ ಗುಮಾಸ್ತರು ನಿವೃತ್ತರಾಗುವ ಮುನ್ನವೇ ಅವರನ್ನು ಕೂರಿಸಿಕೊಂಡು ಕೇಳಿ ಬರೆದಿಟ್ಟುಕೊಳ್ಳುವುದು ಯಾವ ಹೊಸ ಯಂತ್ರದ ಖರೀದಿಗಿಂತಲೂ ಮೊದಲು ಆಗಬೇಕಾದ ಕಾರ್ಯವೆಂದು ನನ್ನ ದೃಢವಾದ ಅಭಿಪ್ರಾಯ.

ಕನ್ನಡದಲ್ಲಿ ತುಂಬಿದ ಕಡತಗಳ ವಿಚಾರವಂತೂ ಪ್ರತ್ಯೇಕವಾದ ಗಮನಕ್ಕೆ ಅರ್ಹವಾಗಿದೆ. ಕಾನ್ಪುರದ ಐಐಟಿಯಲ್ಲಿ ಹುಟ್ಟಿ ಪುಣೆಯ ಸಿ-ಡ್ಯಾಕ್‌ನಲ್ಲಿ ಬೆಳೆದ 'ಜಿಸ್ಟ್' ಕಾರ್ಡನ್ನು ಪಿಸಿಯೊಳಗೆ ಕೂರಿಸಿದರೆ, ಇಂಗ್ಲಿಷಿಗಾಗಿ ರಚಿತವಾದ ಡಿ-ಬೇಸ್ ತಾನರಿಯದೆಯೇ ಕನ್ನಡದ ಹೆಸರುಗಳನ್ನು ಸ್ವೀಕರಿಸುತ್ತಿತ್ತು. ಜಿಸ್ಟ್ ಬಳಸುತ್ತಿದ್ದ, 1991ರಲ್ಲಿ ಭಾರತೀಯ ಮಾನಕವಾದ 'ಇಸ್ಕಿ' ಸಂಕೇತಪದ್ಧತಿಯಲ್ಲಿ 'ಕ' ಎಂಬ ಅಕ್ಷರಕ್ಕೆ ಕನ್ನಡದಲ್ಲಿಯೂ ದೇವನಾಗರಿಯಲ್ಲಿಯೂ ಒಂದೇ ಸಂಖ್ಯೆ. ಯೂನಿಕೋಡಿನ ಕನ್ನಡ ವಿಭಾಗವು ಇಸ್ಕಿಯ ಕ್ರಮವನ್ನೇ ಅನುಸರಿಸಿದ್ದರಿಂದ ಇಸ್ಕಿಯಿಂದ ಯೂನಿಕೋಡಿಗೆ ಪರಿವರ್ತನೆ ಬಹುಮಟ್ಟಿಗೆ ಅಕ್ಷರಕ್ಕೆ ಅಕ್ಷರವೆಂಬಂತೆ ನಡೆಯುತ್ತದೆ. ಉಚ್ಚಾರಣೆಯ ಕ್ರಮವನ್ನು ಬಿಟ್ಟು ಅಕ್ಷರಗಳ ಆಕಾರಗಳಿಗೆ ಸಂಖ್ಯೆ ಕೊಟ್ಟ ಫಾಂಟುಗಳಲ್ಲಿ ಬರೆದ ಕಡತಗಳಿಗೆ ಆ ಸೌಲಭ್ಯವಿಲ್ಲ. ಅಲ್ಲಿ ವ್ಯಂಜನದ ಅನಂತರ ಕುಳಿತ ಅರ್ಕಾವತ್ತನ್ನು ಹುಡುಕಿ ಅದರ ಹಿಂದಕ್ಕೆ ಸರಿಸಬೇಕಾಗುತ್ತದೆ.

ಇಸ್ಕಿಯ ಕಡತಗಳಲ್ಲಿಯೂ ಒಂದು ಅಪಾಯ ಅಡಗಿದೆ. ಅಲ್ಲಿ ಅಕ್ಷರಕ್ಕಾಗಲಿ ಸ್ವರಚಿಹ್ನೆಗಾಗಲಿ ಒಂದು ಬೈಟು ಸಾಕು. ಯೂನಿಕೋಡಿನ ಯುಟಿಎಫ್-8 ರೂಪದಲ್ಲಿ ಮೂರು ಬೇಕು. 'ಮಲ್ಲಿಕಾರ್ಜುನ' ಎಂಬ ಹೆಸರು ಮೊದಲಿನದರಲ್ಲಿ 12 ಬೈಟುಗಳಲ್ಲಿ ಅಡಗುವುದು, ಎರಡನೆಯದರಲ್ಲಿ 36ನ್ನು ಬೇಡುವುದರಿಂದ, 30 ಬೈಟುಗಳ ಹಳೆಯ ಅಗಲವನ್ನೇ ಉಳಿಸಿಕೊಂಡ ಫೀಲ್ಡಿನಲ್ಲಿ 'ಮಲ್ಲಿಕಾರ್ಜ' ಎಂದು ತುಂಡಾಗುತ್ತದೆ. ಬಲ್ಲವರು ವರ್ಗಾವಣೆಗೆ ಮೊದಲೇ ಫೀಲ್ಡುಗಳನ್ನು ಮೂರುಪಟ್ಟು ಅಗಲಗೊಳಿಸಿ, ಹಳೆಯ ಪಟ್ಟಿಯ ಅಚ್ಚಾದ ಪ್ರತಿಯನ್ನೂ ಹೊಸದರ ಪ್ರತಿಯನ್ನೂ ಕನ್ನಡ ಓದಬಲ್ಲ ಇಬ್ಬರ ಕೈಗೆ ಕೊಟ್ಟು, ಒಬ್ಬರು ಗಟ್ಟಿಯಾಗಿ ಓದುತ್ತಿರುವಂತೆ ಇನ್ನೊಬ್ಬರು ಹೆಸರು ಹೆಸರಿಗೂ ಗುರುತು ಹಾಕುತ್ತ ಬರುವ ಏರ್ಪಾಡನ್ನು ಮಾಡುತ್ತಾರೆ.