‘ನಾ ನಿನ್ನ ಬಿಡಲಾರೆ’: ಹಳೆಯದೊಂದು ದೆವ್ವದ ಚಿತ್ರದ ಗುಣದೋಷಗಳು

ಕನ್ನಡದಲ್ಲಿ ದೆವ್ವದ ಚಿತ್ರವೆಂದೊಡನೆ ನಮ್ಮ ತಲೆಮಾರಿನವರು ಇಂದಿಗೂ ಹೆಸರಿಸುವುದು 1979ರ ‘ನಾ ನಿನ್ನ ಬಿಡಲಾರೆ’ಯನ್ನು. ನಿರ್ದೇಶನ ವಿಜಯ್ ಅವರದು, ಸಂಗೀತ ರಾಜನ್–ನಾಗೇಂದ್ರರದು. ಅನಂತನಾಗ್ ಮತ್ತು ಲಕ್ಷ್ಮಿ ಗಂಡ-ಹೆಂಡಿರು. ಕಾಮಿನಿಯೆಂಬವಳ ಪ್ರೇತವು ಗಂಡನ ಮೈಹೊಗುತ್ತದೆ. ಹೆಂಡತಿಯ ಹೋರಾಟವು ಮಂತ್ರಾಲಯದ ರಾಯರ ಕೃಪೆಯಲ್ಲಿ ಮುಗಿಯುತ್ತದೆ. ಕಥೆ ಇಷ್ಟೆ.

ಆ ಕಾಲದಲ್ಲಿ ಭಯ ಹುಟ್ಟಿಸಲು ಗಣಕಯಂತ್ರದ ನೆರವಿರಲಿಲ್ಲ. ಹಿಂದಿಯಲ್ಲಿ ರಾಮ್ಸೆ ಸಹೋದರರು 1972ರಲ್ಲಿ ‘ದೋ ಗಜ್ ಜಮೀನ್ ಕೇ ನೀಚೇ’ ಚಿತ್ರವನ್ನು ಸುಮಾರು 40 ದಿನಗಳಲ್ಲಿ, ಮೂರೂವರೆ ಲಕ್ಷ ರೂಪಾಯಿಗಳಷ್ಟರಲ್ಲಿ ಮುಗಿಸಿದರಂತೆ. ಚಿತ್ರೀಕರಣ ನಡೆದದ್ದು ಮಹಾಬಳೇಶ್ವರದಲ್ಲಿ, ಅಂದರೆ ನಮ್ಮ ಕೃಷ್ಣೆಯ ಹುಟ್ಟೂರಿನಲ್ಲಿ! ಬರೆಯುವವನು, ಕ್ಯಾಮೆರಾ ಹಿಡಿಯುವವನು, ಧ್ವನಿ ನೋಡುವವನು ಎಲ್ಲರೂ ಮನೆಯವರೇ. ಅವರು ಭಯವನ್ನು ಬಣ್ಣ ಬಳಿದ ಮುಖವಾಡದಲ್ಲಿ ಇಟ್ಟರು. ಕನ್ನಡದ ಚಿತ್ರ ಅದನ್ನು ನಟನ ಮುಖದಲ್ಲಿಯೇ ಇಟ್ಟಿತು. ಸತ್ಯದೇವ ದುಬೆಯವರಂಥವರ ರಂಗಭೂಮಿಯಲ್ಲಿ ಪಳಗಿ, ‘ಅಂಕುರ್’ನಂಥ ಚಿತ್ರದಿಂದ ಬಂದ ಅನಂತನಾಗ್ ನೋಟ, ನಗೆ, ದನಿಗಳನ್ನು ಬದಲಿಸಿ ಹೆದರಿಸುತ್ತಾರೆ. ಮುಖವಾಡಗಳು ಇಂದು ನಗೆ ತರಿಸುತ್ತವೆ. ಈ ಅಭಿನಯ ತರಿಸುವುದಿಲ್ಲ.

ಇನ್ನೊಂದು ಗುಣವನ್ನು ವಿಮರ್ಶಕರು ಅಷ್ಟಾಗಿ ಗಮನಿಸಿಲ್ಲವೆಂದು ನನ್ನ ಅನಿಸಿಕೆ. ಚಿಂಚಲಿ, ರಾಯಬಾಗದ ಕಡೆ “ದೆವ್ವ ಬಡಕೊಂಡೈತಿ” ಎಂಬ ಮಾತು ಬಂದರೆ ಅದು ಹೆಚ್ಚಾಗಿ ಹೆಣ್ಣುಮಗಳ ಮೇಲೆಯೇ. ಹೊಸದಾಗಿ ನಡೆಯಲು ಬಂದ ಸೊಸೆ, ಇಲ್ಲವೇ ಓದುವ ಹುಡುಗಿ. ಈ ಚಿತ್ರವಾದರೋ ಅದನ್ನು ಗಂಡಸಿನ ಮೇಲೆ ತಂದು, ಹೆಂಗಸಿನ ಕೈಗೆ ಧೈರ್ಯವನ್ನು ಕೊಟ್ಟಿತು.

ದೋಷವಿರುವುದು ಪರಿಹಾರದಲ್ಲಿ. ರಾಯರು ಕಾಯುತ್ತಾರೆಂದು ಪ್ರೇಕ್ಷಕನಿಗೆ ಮೊದಲೇ ಗೊತ್ತಾದ ಮೇಲೆ ಭಯದ ಬಿಗಿ ಅರ್ಧ ಸಡಿಲುತ್ತದೆ. ದೆವ್ವದ ಚಿತ್ರ ಭಕ್ತಿಚಿತ್ರವಾಗುತ್ತದೆ. ಕಾಮಿನಿಯನ್ನು ಓಡಿಸಬೇಕು, ಸರಿ. ಆದರೆ ಅವಳ ಸಂಕಟವನ್ನು ಕೇಳುವವರು ಯಾರು? ಭಕ್ತಿಯ ಬಗ್ಗೆ ನನಗೆ ಅನಾದರವಿಲ್ಲ. ಮಾಯಕ್ಕನ ಭಾರತ ಹುಣ್ಣಿಮೆಯ ಜಾತ್ರೆಗೆ ಕೈಮುಗಿಯುತ್ತಲೇ ಬೆಳೆದವನು ನಾನು. ಆದರೂ ಮನಸ್ಸಿನ ಬೇನೆಯನ್ನು ಗಾಳಿಸೋಂಕು ಎಂದು ತಿಳಿದು, ವೈದ್ಯರ ಬದಲು ಮಂತ್ರವಾದಿಯ ಬಳಿಗೆ ಒಯ್ದು, ಬೇವಿನ ತಪ್ಪಲಿನಿಂದ ಹೊಡೆಸಿ, ಕಡೆಗೆ ಶಾಲೆಯನ್ನೇ ಬಿಡಿಸಿದ ಹುಡುಗಿಯರನ್ನು ಕಂಡಿದ್ದೇನೆ. ಹಾಜರಿ ಪುಸ್ತಕದಲ್ಲಿ ಅವರ ಹೆಸರಿನ ಮುಂದೆ ಗೈರುಹಾಜರಿ ಬರೆಯುತ್ತ ಬಂದವನಿಗೆ ಈ ಕೊನೆಯ ದೃಶ್ಯಗಳು ಸುಲಭವಾಗಿ ಒಗ್ಗುವುದಿಲ್ಲ. ದೆವ್ವ ಬಿಡಿಸುವ ಹೆಸರಿನ ಹಿಂಸೆಯನ್ನು ಅಪರಾಧವೆನ್ನುವ ಕಾನೂನನ್ನು ನಮ್ಮ ರಾಜ್ಯ ಮಾಡಿದ್ದು 2017ರಲ್ಲಿ. ಚಿತ್ರ ಬಂದು 38 ವರ್ಷಗಳಾದ ಮೇಲೆ.

ಹಾಡುಗಳ ಮಾತು ಬೇರೆ. ಗುರುವಾರ ಬಂದರೆ ರಾಯರ ಹಾಡು ಈಗಲೂ ಮನೆಮನೆಗಳಲ್ಲಿ ಕೇಳುತ್ತದೆ.

1981ರಲ್ಲಿ ವಿಜಯ್ ಅವರೇ ಇದನ್ನು ‘ಮಂಗಳಸೂತ್ರ’ವೆಂದು ಹಿಂದಿಗೆ ಒಯ್ದರು. ಗಂಡನ ಪಾತ್ರ ಮತ್ತೆ ಅನಂತನಾಗರದೇ, ಹೆಂಡತಿಯಾಗಿ ರೇಖಾ. ಎರಡನ್ನೂ ನೋಡಿದವರು ತಮ್ಮ ಅಭಿಪ್ರಾಯ ತಿಳಿಸಿರಿ. ನನ್ನ ಓಟು ಲಕ್ಷ್ಮಿಯವರಿಗೆ.