ಬರೋಡಾದ ಚಿತ್ರಗಳೂ ನೋಡಲು ನೆರೆದ ಜನವೂ

ಚಿತ್ರ ಪ್ರದರ್ಶನಕ್ಕೆ ಹೋಗಿ ಬಂದವರನ್ನು ‘ಹೇಗಿತ್ತು?’ ಎಂದು ಕೇಳಿ ನೋಡಿ. ಬಹುಮಂದಿ ಚಿತ್ರಗಳ ಮಾತಿಗೆ ಮೊದಲು ಜನರ ಮಾತನ್ನೇ ಎತ್ತುತ್ತಾರೆ. ‘ಏನು ಜನ ಸ್ವಾಮಿ, ಕಾಲಿಡಲು ಜಾಗವಿರಲಿಲ್ಲ! ಮುಂದಿನವರ ತಲೆ ನೋಡಿಕೊಂಡೇ ಹೊರಗೆ ಬಂದೆವು’ ಎನ್ನುತ್ತಾರೆ. ದೀಪಾವಳಿಯ ರಜೆಯಲ್ಲಿ ಮಕ್ಕಳನ್ನು ಕಟ್ಟಿಕೊಂಡು ವಡೋದರಾದ ಸಯಾಜಿ ಬಾಗಿನ ಮ್ಯೂಸಿಯಮ್ಮಿಗೆ ಹೋದವರಿಗೆ ಈ ಅನುಭವ ಹೊಸದೇನಲ್ಲ. ಜನ ತಿಮಿಂಗಿಲದ ಅಸ್ಥಿಪಂಜರದ ಮುಂದೆ ನಿಲ್ಲುತ್ತಾರೆ, ಈಜಿಪ್ಟಿನ ಮಮ್ಮಿಯ ಮುಂದೆ ನಿಲ್ಲುತ್ತಾರೆ, ಚಿತ್ರಶಾಲೆಯನ್ನು ಮಾತ್ರ ಓಡು ನಡಿಗೆಯಲ್ಲಿ ದಾಟುತ್ತಾರೆ. ಇಂಥ ಗದ್ದಲದಲ್ಲಿ ಕಲೆಯನ್ನು ಏನು ಕಂಡಾರು ಎಂದು ಬಲ್ಲವರು ಮೂಗು ಮುರಿಯುವುದುಂಟು.

ಆದರೆ ಚಿತ್ರಗಳ ಮುಂದೆ ನೆರೆಯುವ ಜನಕ್ಕೂ ಒಂದು ಇತಿಹಾಸವಿದೆ. ಅದರ ಒಂದು ಮುಖ್ಯ ಅಧ್ಯಾಯ ನಡೆದದ್ದು ನಾವು ಬದುಕು ಕಟ್ಟಿಕೊಂಡಿರುವ ಈ ಗುಜರಾತಿನಲ್ಲೇ, ಬೋಡಕ್‌ದೇವ್‌ನಿಂದ ಸುಮಾರು 110 ಕಿಲೋಮೀಟರು ದೂರದ ವಡೋದರಾದಲ್ಲಿ, ಅಂದರೆ ಅಂದಿನ ಬರೋಡಾ ಸಂಸ್ಥಾನದಲ್ಲಿ. ಅದರ ಫಲ ನಮ್ಮಲ್ಲಿ ಅನೇಕರ ಊರ ಮನೆಗಳ ದೇವರ ಕೋಣೆಯಲ್ಲಿ ಇಂದಿಗೂ ತೂಗುತ್ತಿದೆ.

ಬರೋಡಾದ ಮೂರನೆಯ ಸಯಾಜಿರಾವ್ ಗಾಯಕವಾಡರು ಹುಟ್ಟಿದ್ದು ಅರಮನೆಯಲ್ಲಲ್ಲ, ಹಳ್ಳಿಯ ಒಕ್ಕಲು ಮನೆಯಲ್ಲಿ. 1875ರಲ್ಲಿ ದತ್ತು ಬಂದು ಗಾದಿಗೆ ಏರಿದ ಈ ಹುಡುಗ 1881ರ ಕೊನೆಯಲ್ಲಿ ಪೂರ್ಣಾಧಿಕಾರ ವಹಿಸಿಕೊಂಡರು. ಅಲ್ಲಿಯವರೆಗೆ ಸಂಸ್ಥಾನವನ್ನು ನಡೆಸಿದ ದಿವಾನರು ಸರ್ ಟಿ. ಮಾಧವರಾಯರು. ಇವರು ಮೊದಲು ತಿರುವಾಂಕೂರಿನಲ್ಲಿ ದಿವಾನರಾಗಿದ್ದವರು. ಕಿಳಿಮಾನೂರಿನ ಚಿತ್ರಕಾರ ರವಿವರ್ಮರ ಪ್ರತಿಭೆಯನ್ನು ಅಲ್ಲಿಯೇ ಬಲ್ಲವರು. ಹೀಗೆ ಕೇರಳದ ಕಲಾವಿದನಿಗೂ ಗುಜರಾತಿನ ಅರಸನಿಗೂ ನಂಟು ಬೆಳೆಯಿತು. ನಮ್ಮಂತೆ ವರ್ಗವಾಗಿ ಊರೂರು ತಿರುಗಿದ ಒಬ್ಬ ಅಧಿಕಾರಿ ಈ ಕಥೆಯ ನಡುವೆ ನಿಂತಿದ್ದಾರೆ ಎಂಬುದನ್ನು ಗಮನಿಸಬೇಕು.

1888ರಲ್ಲಿ ಸಯಾಜಿರಾಯರು ತಮ್ಮ ಹೊಸ ಲಕ್ಷ್ಮೀವಿಲಾಸ ಅರಮನೆಗಾಗಿ ರಾಮಾಯಣ, ಮಹಾಭಾರತಗಳ ಪ್ರಸಂಗಗಳನ್ನು ಕುರಿತು ಹದಿನಾಲ್ಕು ತೈಲಚಿತ್ರಗಳನ್ನು ಬರೆಯಲು ರವಿವರ್ಮರಿಗೆ ವಹಿಸಿದರು. ಪುರಾಣದ ಸ್ತ್ರೀಪುರುಷರಿಗೆ ಯಾವ ಉಡುಗೆ ತೊಡಿಸುವುದು? ಮಲೆಯಾಳದ ಉಡುಗೆ ತೊಡಿಸಿದರೆ ಗುಜರಾತಿಗಳಿಗೆ ಒಗ್ಗದು. ಗುಜರಾತಿನದನ್ನು ತೊಡಿಸಿದರೆ ತಮಿಳರಿಗೆ ಒಗ್ಗದು. ರವಿವರ್ಮರು ತಮ್ಮ ತಮ್ಮ ರಾಜರಾಜವರ್ಮರೊಡನೆ ಉತ್ತರ ಭಾರತವನ್ನು ಸುತ್ತಿ, ಜನರ ಉಡುಗೆ ತೊಡುಗೆಗಳನ್ನು ನೋಡಿಬಂದು ಕೆಲಸಕ್ಕೆ ತೊಡಗಿದರು. ಅವರ ದೇವಿಯರು ಸೀರೆ ಉಟ್ಟರು. ಇಂದು ಸರಸ್ವತಿ ಎಂದೊಡನೆ ನಮ್ಮ ಕಣ್ಣಿಗೆ ಕಟ್ಟುವ ರೂಪ ನಿಂತದ್ದು ಹೀಗೆ.

ನಳ–ದಮಯಂತಿ, ಅರ್ಜುನ–ಸುಭದ್ರೆ, ವಿಶ್ವಾಮಿತ್ರ–ಮೇನಕೆ ಮೊದಲಾದ ಚಿತ್ರಗಳು ಸಿದ್ಧವಾಗಿ ಬರೋಡಾಕ್ಕೆ ಬಂದವು. ಅರಮನೆಯ ಗೋಡೆ ಸೇರುವ ಮೊದಲು ಕೆಲವು ದಿನ ಅವನ್ನು ಸಾರ್ವಜನಿಕರ ನೋಟಕ್ಕೆ ಇಟ್ಟರು. ಮುಂಬಯಿ ಪ್ರಾಂತದ ನಾನಾ ಕಡೆಗಳಿಂದ ಜನ ತಂಡೋಪತಂಡವಾಗಿ ಬಂದರು. ಅವರು ಕಲಾವಿಮರ್ಶೆ ಓದಿದವರಲ್ಲ. ಅನೇಕರಿಗೆ ತೈಲಚಿತ್ರವೆಂಬುದೇ ಹೊಸತು. ಆದರೆ ಕಥೆ ಮಾತ್ರ ಹೊಸದಲ್ಲ. ದಮಯಂತಿಯ ದುಃಖವನ್ನು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಹರಿಕಥೆಯಲ್ಲಿ ಕಿವಿಯಾರೆ ಕೇಳಿದ್ದವರು ಇಲ್ಲಿ ಕಣ್ಣಾರೆ ಕಂಡರು.

ನೋಡಿದವರು ಸುಮ್ಮನೆ ಮರಳಲಿಲ್ಲ, ‘ಇಂಥದು ನಮಗೂ ಬೇಕು’ ಎಂದರು. ಎರಡು ಕೈಗಳ ಒಬ್ಬ ಕಲಾವಿದ ಎಷ್ಟು ಮನೆಗಳಿಗೆ ಬರೆದುಕೊಟ್ಟಾನು? ಆಯ್ದ ಚಿತ್ರಗಳನ್ನು ಯೂರೋಪಿಗೆ ಕಳುಹಿಸಿ ಅಚ್ಚು ಹಾಕಿಸಬೇಕೆಂಬ ಸಲಹೆಯನ್ನು ಮಾಧವರಾಯರು ಅದಕ್ಕೆ ಮುಂಚೆಯೇ ರವಿವರ್ಮರಿಗೆ ಕೊಟ್ಟಿದ್ದರು. ಕೊನೆಗೆ 1894ರಲ್ಲಿ ಮುಂಬಯಿಯಲ್ಲೇ ರವಿವರ್ಮ ಮುದ್ರಣಾಲಯ ಆರಂಭವಾಯಿತು. ಯಂತ್ರಗಳೂ ತಂತ್ರಜ್ಞರೂ ಜರ್ಮನಿಯಿಂದ ಬಂದರು. ಕೆಲವೇ ವರ್ಷಗಳಲ್ಲಿ ಮುದ್ರಣಾಲಯ ಲೋಣಾವಳದ ಬಳಿಯ ಮಳವಲಿಗೆ ಹೋಯಿತು. ಬರೋಡಾದ ಕಲಾಭವನದಲ್ಲಿ ಕಲಿತ ದಾದಾಸಾಹೇಬ ಫಾಳ್ಕೆಯವರು ಅಲ್ಲಿ ಕೆಲಸ ಮಾಡಿದವರೇ. ಮುಂದೆ 1913ರಲ್ಲಿ ‘ರಾಜಾ ಹರಿಶ್ಚಂದ್ರ’ ಚಿತ್ರವನ್ನು ತೆರೆಗೆ ತಂದವರೂ ಅವರೇ.

ಕಾಲೇಜಿನಲ್ಲಿ ಒಂದಿಷ್ಟು ರಸಾಯನಶಾಸ್ತ್ರ ಓದಿದ ನನಗೆ ಈ ಅಚ್ಚಿನ ಕೆಲಸವೇ ಒಂದು ವಿಸ್ಮಯ. ನಯವಾದ ಸುಣ್ಣದ ಕಲ್ಲಿನ ಚಪ್ಪಡಿಯ ಮೇಲೆ ಜಿಡ್ಡಿನ ಬಳಪದಿಂದ ಚಿತ್ರ ಬರೆಯುತ್ತಾರೆ. ಕಲ್ಲಿಗೆ ನೀರು ಸವರಿ ಮಸಿ ಹಚ್ಚಿದರೆ, ಜಿಡ್ಡಿರುವಲ್ಲಿ ಮಸಿ ಹಿಡಿಯುತ್ತದೆ, ನೀರಿರುವಲ್ಲಿ ಹಿಡಿಯುವುದಿಲ್ಲ. ಎಣ್ಣೆ ನೀರು ಕೂಡವೆಂಬುದು ಅಡಿಗೆಮನೆಯಲ್ಲಿ ಎಲ್ಲರೂ ಕಂಡ ಸಂಗತಿಯೇ. ಆದರೆ ಒಂದೊಂದು ಬಣ್ಣಕ್ಕೂ ಒಂದೊಂದು ಕಲ್ಲು ಬೇಕು. ಒಂದೇ ಕಾಗದವನ್ನು ಒಂದಾದ ಮೇಲೊಂದು ಕಲ್ಲಿನ ಮೇಲೆ, ಕೂದಲೆಳೆಯಷ್ಟೂ ಜರುಗದಂತೆ ಒತ್ತಬೇಕು. ಕೊನೆಗೆ ವಾರ್ನಿಶ್ ಹಚ್ಚಿದರೆ ತೈಲಚಿತ್ರದ ಹೊಳಪು ಬರುತ್ತದೆ.

ಈ ಅಚ್ಚುಗಳು ರೈಲು ಹತ್ತಿ ಧಾರವಾಡ, ಮೈಸೂರು, ಮಂಗಳೂರುಗಳನ್ನೂ ಮುಟ್ಟಿದವು. ಗುಡಿಯ ಹೊಸ್ತಿಲು ದಾಟಲು ಅನುಮತಿಯಿಲ್ಲದಿದ್ದ ಜನರ ಗುಡಿಸಲಿಗೂ ಲಕ್ಷ್ಮಿ ಬಂದಳು, ಸರಸ್ವತಿ ಬಂದಳು. ಯಾವ ಅರ್ಚಕನ ಅಪ್ಪಣೆಯೂ ಬೇಕಾಗಲಿಲ್ಲ. ಸಂತೆಯಲ್ಲಿ ಕಾಸು ಕೊಟ್ಟರೆ ಸಾಕಾಗಿತ್ತು. ಅರಮನೆಗೆಂದು ಬರೆದದ್ದು ಇಷ್ಟು ದೂರ ನಡೆದದ್ದು, ನೋಡಲು ಬಂದ ಜನ ‘ನಮಗೂ ಬೇಕು’ ಎಂದದ್ದರಿಂದ.

ಪಂಡಿತರು ಇದನ್ನು ಒಪ್ಪಲಿಲ್ಲ. ಆನಂದ ಕುಮಾರಸ್ವಾಮಿಯವರಂಥ ಮಹಾ ವಿದ್ವಾಂಸರು ರವಿವರ್ಮರ ಚಿತ್ರಗಳನ್ನು ನಾಟಕೀಯವೆಂದೂ, ಭಾರತೀಯ ಭಾವನೆ ಇಲ್ಲದವೆಂದೂ ಟೀಕಿಸಿದರು. ಆ ಮಾತಿನಲ್ಲಿ ಹುರುಳಿಲ್ಲವೆಂದಲ್ಲ. ವಿಚಿತ್ರವೆಂದರೆ, ಅದೇ ಕುಮಾರಸ್ವಾಮಿಯವರ ಸಲಹೆಯೇ ಅಹಮದಾಬಾದಿನಲ್ಲಿ ಇನ್ನೊಂದು ಬಗೆಯ ಸಂಗ್ರಹಾಲಯಕ್ಕೆ ಬೀಜವಾಯಿತು. ಗೌತಮ ಸಾರಾಭಾಯಿ ಮತ್ತು ಅವರ ಸೋದರಿ ಗೀರಾ ಸಾರಾಭಾಯಿಯವರು 1949ರಲ್ಲಿ ಸ್ಥಾಪಿಸಿದ ಕ್ಯಾಲಿಕೋ ವಸ್ತ್ರ ಸಂಗ್ರಹಾಲಯವೇ ಅದು. ಮುಂದೆ ಶಾಹಿಬಾಗಿಗೆ ಬಂದ ಈ ಸಂಗ್ರಹಾಲಯ, ಮೊದಲೇ ಹೆಸರು ಬರೆಸಿದವರನ್ನು ಮಾತ್ರ, ಅದೂ ಕೆಲವೇ ಮಂದಿಯ ತಂಡವಾಗಿ ಒಳಗೆ ಬಿಡುವ ಪದ್ಧತಿಯನ್ನು ಬೆಳೆಸಿಕೊಂಡಿತು.

ಇದೇನು ಜಂಭವೇ ಎಂದು ಕೇಳುವವರಿದ್ದಾರೆ. ಜಂಭವಲ್ಲ, ಇದಕ್ಕೆ ಕಾರಣವಿದೆ. ಹಳೆಯ ಬಟ್ಟೆಯ ಬಣ್ಣ ಬೆಳಕಿಗೆ ಮಾಸುತ್ತದೆ. ಒಮ್ಮೆ ಮಾಸಿದ್ದು ಮರಳಿ ಬಾರದು. ಬಟ್ಟೆ ಮತ್ತು ಜಲವರ್ಣ ಚಿತ್ರಗಳಿಗೆ 50 ಲಕ್ಸಿಗಿಂತ ಹೆಚ್ಚು ಬೆಳಕು ಬೀಳಬಾರದೆಂಬುದು ಈ ಕ್ಷೇತ್ರದ ಸಾಮಾನ್ಯ ನಿಯಮ. ಜನರ ಉಸಿರಿನ ತೇವವೂ ಸಣ್ಣ ಸಂಗತಿಯಲ್ಲ. ಫ್ರಾನ್ಸಿನ ಲಾಸ್ಕೊ ಗುಹೆಯ ಆದಿಮಾನವರ ಚಿತ್ರಗಳು ಸಾವಿರಾರು ವರ್ಷ ಕತ್ತಲಲ್ಲಿ ಕೆಡದೆ ಉಳಿದಿದ್ದವು. 1948ರಲ್ಲಿ ಗುಹೆಯನ್ನು ಜನರಿಗೆ ತೆರೆದರು. ನೋಡುಗರ ಉಸಿರಿಗೇ ಗೋಡೆಗಳು ಕೆಡತೊಡಗಿ 1963ರಲ್ಲಿ ಮುಚ್ಚಬೇಕಾಯಿತು. ಆಮೇಲೆ ಅವರು ಕಂಡುಕೊಂಡ ಉಪಾಯವೇನು? ಪಕ್ಕದಲ್ಲೇ ಗುಹೆಯ ಪ್ರತಿಕೃತಿಯನ್ನು ಕಟ್ಟಿ 1983ರಲ್ಲಿ ತೆರೆದರು. ಮಳವಲಿಯಲ್ಲಿ ಕಲ್ಲಿನ ಮೇಲೆ ಒತ್ತಿದ್ದೂ ಇದೇ ಉಪಾಯ. ಜನ ಹೆಚ್ಚು, ಮೂಲ ಒಂದೇ ಆದಾಗ ನಕಲು ಹುಟ್ಟುತ್ತದೆ.

ನಕಲು ಮನೆಯಲ್ಲಿದ್ದರೂ ಮೂಲವನ್ನು ನೋಡುವ ಹಂಬಲ ಜನರಲ್ಲಿ ಕುಗ್ಗಿಲ್ಲ. 1972ರಲ್ಲಿ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ಟುಟಾಂಖಾಮನ್ ರಾಜನ ಗೋರಿಯ ವಸ್ತುಗಳನ್ನಿಟ್ಟಾಗ 16 ಲಕ್ಷಕ್ಕೂ ಹೆಚ್ಚು ಮಂದಿ ನೋಡಿದರು. 1911ರಲ್ಲಿ ಪ್ಯಾರಿಸಿನಿಂದ ‘ಮೋನಾ ಲೀಸಾ’ ಕಳುವಾದಾಗ ಅದಿದ್ದ ಬರಿ ಗೋಡೆಯನ್ನು ನೋಡಲೂ ಜನ ಸೇರಿದ್ದರು! ಅಷ್ಟು ದೂರವೇಕೆ, ನಮ್ಮ ಮೈಸೂರನ್ನೇ ನೋಡಿ. ಜಗನ್ಮೋಹನ ಅರಮನೆಯ ಚಿತ್ರಶಾಲೆಯಲ್ಲಿ ರವಿವರ್ಮರು ಮೈಸೂರು ಅರಸರಿಗಾಗಿ ಬರೆದ ಚಿತ್ರಗಳಿವೆ. ಆದರೆ ದಸರೆಯ ಜನ ಮುಗಿಬೀಳುತ್ತಿದ್ದುದು ಕತ್ತಲ ಕೋಣೆಯಲ್ಲಿಟ್ಟ, ಕೈದೀಪಕ್ಕೆ ಬೆರಳ ಮರೆಮಾಡಿ ನಿಂತ ಹೆಂಗಸಿನ ಚಿತ್ರಕ್ಕೆ. ‘ರವಿವರ್ಮನ ಚಿತ್ರ’ ಎಂದು ಎಷ್ಟೋ ಮಂದಿ ಹೇಳುತ್ತಾರೆ. ಅದು ಸಾವಂತವಾಡಿಯ ಎಸ್. ಎಲ್. ಹಳದಣಕರರು 1945ರ ಸುಮಾರಿಗೆ, ತಮ್ಮ ಮಗಳನ್ನೇ ನಿಲ್ಲಿಸಿ ಬರೆದ ಜಲವರ್ಣ ಚಿತ್ರ. ರವಿವರ್ಮರು ತೀರಿಕೊಂಡದ್ದು 1906ರಲ್ಲಿ. ಗದ್ದಲದಲ್ಲಿ ಕೆಳಗಿನ ಚೀಟಿ ಓದುವಷ್ಟು ಹೊತ್ತು ನಿಲ್ಲದಿದ್ದರೆ ಒಬ್ಬ ಕಲಾವಿದನ ಹೆಸರೇ ಮರೆಯಾಗಿಬಿಡುತ್ತದೆ. ಜನ ಸೇರುವುದು ತಪ್ಪಲ್ಲ, ನಿಲ್ಲದೆ ಹೋಗುವುದೇ ನಷ್ಟ.

ಹೊರನಾಡಿನಲ್ಲಿ ಬೆಳೆಯುವ ನಮ್ಮ ಮಕ್ಕಳಿಗೆ ಪುರಾಣದ ಕಥೆಗಳನ್ನು ಹೇಳಲು ಅಜ್ಜ ಅಜ್ಜಿ ಹತ್ತಿರವಿರುವುದಿಲ್ಲ. ಗೋಡೆಯ ಕ್ಯಾಲೆಂಡರಿನ ಚಿತ್ರವನ್ನು ಅವರು ಬಲ್ಲರು; ಅದರ ಹಿಂದಿನ ಕಥೆಯನ್ನು ಬಲ್ಲವರು ಕಡಿಮೆ. ವಡೋದರಾದ ಲಕ್ಷ್ಮೀವಿಲಾಸದ ಆವರಣದಲ್ಲಿರುವ ಮಹಾರಾಜಾ ಫತೇಸಿಂಗ್ ಮ್ಯೂಸಿಯಮ್ಮಿನಲ್ಲಿ ರವಿವರ್ಮರ ಮೂಲ ಚಿತ್ರಗಳು ಇವೆ. ಹಬ್ಬದ ರಜೆ ಬಿಟ್ಟು ಇನ್ನೊಂದು ದಿನ, ಬೆಳಿಗ್ಗೆಯೇ ಹೋಗಿ. ಎಲ್ಲವನ್ನೂ ನೋಡಿಬಿಡಬೇಕೆಂಬ ಹಟ ಬೇಡ; ಎರಡು ಮೂರು ಚಿತ್ರಗಳನ್ನು ಆರಿಸಿಕೊಂಡರೆ ಸಾಕು. ಹಿಂದಿನ ರಾತ್ರಿ ಊಟದ ಹೊತ್ತಿಗೆ ಆ ಕಥೆಯನ್ನು ಕನ್ನಡದಲ್ಲಿ ಮಕ್ಕಳಿಗೆ ಹೇಳಿರಿ. ಚಿತ್ರದ ಮುಂದೆ ನಿಂತಾಗ ಸೀರೆಯ ಜರಿಯನ್ನು ಕುಂಚ ಹೇಗೆ ಮೂಡಿಸಿದೆ, ಯಾವ ಕಡೆಯಿಂದ ಬೆಳಕು ಬೀಳುತ್ತಿದೆ ಎಂದು ತೋರಿಸಿರಿ. ಇವು ಅಚ್ಚಿನಲ್ಲಿ ಕಾಣುವ ಸಂಗತಿಗಳಲ್ಲ. ಹಿಂದೆ ಜನ ನಿಂತಿದ್ದರೆ ಒಂದಿಷ್ಟು ಸರಿದು ಅವರಿಗೂ ಜಾಗ ಕೊಡಿ. ಅವರ ಹಿರಿಯರೂ ಈ ಚಿತ್ರಗಳನ್ನು ನೋಡಲೆಂದು ಗಾಡಿ ಕಟ್ಟಿಕೊಂಡು ಬಂದವರಿರಬಹುದು.